ಗೊತ್ತಿಲ್ಲ ಎನ್ನಲಾರದ ಯಂತ್ರ

ಮಲಪ್ರಭೆಯ ದಂಡೆಯ ಮೇಲೊಂದು ಮಠ. ಮಠವೆಂದರೆ ಭಾರೀ ಏನಲ್ಲ. ಒಂದು ಬೇವಿನ ಮರ, ಒಂದು ಪಡಸಾಲೆ, ನೀರಿಗಿಳಿಯಲು ಸವೆದ ಮೆಟ್ಟಿಲು. ಅಲ್ಲಿದ್ದ ಗುರುಗಳ ಹೆಸರು ಹಾಲಯ್ಯಜ್ಜ. ದೊಡ್ಡ ದೊಡ್ಡ ಪ್ರಶ್ನೆ ಹೊತ್ತು ಬಂದವರನ್ನು ಕೂಡ ಸಣ್ಣದೊಂದು ನಗೆಯಲ್ಲಿ ಕೂರಿಸಿಬಿಡುವ ಮನುಷ್ಯ.

ಅವರ ಕೈಯಲ್ಲಿ ಅನ್ನ ಉಂಡು, ಅಕ್ಷರ ಕಲಿತು ಬೆಳೆದ ನಿಜಗುಣ ಒಂದು ಮುಂಜಾನೆ ಮಠದ ಮುಂದೆ ಜೀಪು ನಿಲ್ಲಿಸಿದ. ಕೈಯಲ್ಲೊಂದು ಕರಿ ಪೆಟ್ಟಿಗೆ. ಕಣ್ಣು ಕೆಂಪಗೆ. ನಿದ್ದೆಗೂ ಅವನಿಗೂ ಮಾತು ಬಿಟ್ಟಂತಿತ್ತು.

"ಬಾರೋ ನಿಜಗುಣ. ಪೆಟಿಗಿಯೊಳಗೇನು, ಹಾರ್ಮೋನಿಯಮ್ಮೇನು?"

"ಅಲ್ರಿ ಅಜ್ಜಾರ. ಡ್ರೋನು."

"ಹಾಡತೈತೇನು?"

"ನೋಡತೈತ್ರಿ."

"ಹಂಗಾರ ಹಾಡೋದಕ್ಕಿಂತ ದೊಡ್ಡ ವಿದ್ಯಾ ಆತು. ಕೂಡು."

ನಿಜಗುಣ ಕಾಲಿಗೆರಗಿ ಕೂತ. ಕೂತವನೇ ಒಂದೇ ಉಸಿರಿಗೆ ಹೇಳಿದ. ಅವನದೊಂದು ಸಣ್ಣ ಪ್ರಯೋಗಾಲಯ. ಸೈನ್ಯದವರ ಸಂಶೋಧನೆಯ ಗುತ್ತಿಗೆ ಅವನಿಗೆ ಸಿಕ್ಕಿದೆ. ಆಕಾಶದಿಂದ ನೋಡಿ, ಕೆಳಗೆ ಕಂಡದ್ದು ಇಂಥದ್ದೇ ಎಂದು ತಾನೇ ಗುರುತಿಸುವ ಯಂತ್ರ ಮಾಡಿಕೊಡಬೇಕು. ನಾಳೆ ಅದರ ಪರೀಕ್ಷೆ. ಗೆದ್ದರೆ ಮುಂದಿನ ಹಂತ, ಸೋತರೆ ಬೀಗ.

"ಏನೇನು ಗುರುತಿಸತೈತಿ?"

"ಐದು ಹೆಸರು ಕಲಿಸೀನ್ರಿ. ಟ್ಯಾಂಕು, ಫಿರಂಗಿ, ಸೈನ್ಯದ ಲಾರಿ, ಆಯುಧ ಹಿಡಿದವ, ಆಯುಧ ಇಲ್ಲದವ."

"ಹೆಸರು ಹೇಳಿದ ಮ್ಯಾಲ?"

"ಮುಂದಿಂದು ಬ್ಯಾರೆ ಯಂತ್ರದ ಕೆಲಸರಿ. ಅದು... ಹೊಡಿಯೋ ಯಂತ್ರ."

"ನಡುವ ಮನಿಷ್ಯಾರು ಯಾರೂ ಇಲ್ಲೇನು?"

"ಮೊದಲು ಒಬ್ಬ ಇರ್ತಿದ್ದರಿ. ನೋಡಿ 'ಹೂಂ' ಅಂತಿದ್ದ. ಅವ ಹೂಂ ಅನ್ನೋದ್ರಾಗ ತಡಾ ಆಗತೈತಿ ಅಂತ, ಈ ಸಲ ಆ ಹೂಂ ತಗದಾರ್ರಿ."

ಅಜ್ಜಾರು ಸುಮ್ಮನೆ ತಲೆಯಾಡಿಸಿದರು. ಬೇವಿನ ಮರದಲ್ಲಿ ಒಂದು ಅಳಿಲು ಕೊಂಬೆಯಿಂದ ಕೊಂಬೆಗೆ ಓಡಿತು.

"ಒಳ್ಳೇದಾಗ್ಲಿ. ಮತ್ತ ನಿನ್ನ ನಿದ್ದಿ ಯಾರು ತಿಂದರು?"

ನಿಜಗುಣ ಪೆಟ್ಟಿಗೆಯನ್ನು ಪಕ್ಕಕ್ಕೆ ಸರಿಸಿದ.

"ಆರನೇದೊಂದು ಹೆಸರು ಇತ್ತರಿ. ಅದನ್ನ ನಾನ ಕಿತ್ತು ಹಾಕೀನಿ."

"ಯಾವುದು?"

"'ಗೊತ್ತಿಲ್ಲ' ಅಂತ."

ಪರೀಕ್ಷೆಯ ಕಟ್ಟಳೆ ಹಾಗಿತ್ತು. ಸರಿ ಹೇಳಿದರೆ ಅಂಕ, ತಪ್ಪು ಹೇಳಿದರೆ ಇಲ್ಲ. 'ಗೊತ್ತಿಲ್ಲ' ಎಂದರೆ ಅದೂ ತಪ್ಪಿನ ಲೆಕ್ಕವೇ. ಅಂದ ಮೇಲೆ ಸುಮ್ಮನಿರುವುದಕ್ಕಿಂತ ಯಾವುದೋ ಒಂದು ಹೆಸರು ಒದರಿಬಿಡುವುದು ಲಾಭ. ಹತ್ತರಲ್ಲಿ ನಾಲ್ಕು ಸಲವಾದರೂ ಗುರಿಗೆ ತಾಕುತ್ತದೆ. ಪರೀಕ್ಷೆಗೆ ಕೂತ ಯಾವ ಹುಡುಗನಿಗೆ ಈ ಗುಟ್ಟು ಗೊತ್ತಿಲ್ಲ? ಆರನೆಯ ಹೆಸರು ಕಿತ್ತ ದಿನವೇ ಯಂತ್ರದ ಅಂಕ ಜಿಗಿದಿತ್ತು. ಪ್ರಯೋಗಾಲಯದ ಹುಡುಗರು ಮೈಸೂರುಪಾಕು ಹಂಚಿದ್ದರು.

"ಎರಡೂ ತಯಾರದಾವ್ರಿ," ಎಂದ ನಿಜಗುಣ. "ಐದು ಹೆಸರಿಂದು, ಆರು ಹೆಸರಿಂದು. ಮಧ್ಯಾಹ್ನದೊಳಗ ಒಂದನ್ನ ಮೊಹರು ಹಾಕಿ ಕಳಿಸಬೇಕು. ಆಮ್ಯಾಲ ಬ್ರಹ್ಮ ಬಂದ್ರೂ ತಿದ್ದಾಕ ಬರೂದಿಲ್ಲ. ಕಳಸೋದು ಐದರದ್ದು ಅಂತ ನಿರ್ಧಾರ ಆಗೇತ್ರಿ. ನಿಮ್ಮ ಆಶೀರ್ವಾದ ಒಂದು ಆದ್ರ..."

"ನಿದ್ದಿ ಬರತೈತಿ."

"ಹೌದ್ರಿ."

ಅಜ್ಜಾರು ನಕ್ಕರು.

"ಅಲ್ಲೋ, ಇಲ್ಲಿ ಪಾಠ ಹೆಂಗ ನಡೀತಿತ್ತು, ಮರತೀಯೇನು?"

ಮರೆಯುವುದುಂಟೇ! ಆ ಮಠದ ರೀತಿಯೇ ಬೇರೆ. ಬಾಯಿಗೆ ಬಂದದ್ದನ್ನು ಒದರಿದವನು ನದಿಯಿಂದ ಕೊಡ ನೀರು ಹೊರಬೇಕು. 'ತಿಳೀಲಿಲ್ರಿ' ಎಂದವನಿಗೆ ಅಂಗೈಯಲ್ಲಿ ಬೆಲ್ಲದ ತುಣುಕು, ಆಮೇಲೆ ಪಾಠ.

"ಮರತಿಲ್ರಿ. ಅದರ ಫಲಾನೂ ಮರತಿಲ್ರಿ. ನಮ್ಮ ಸಂಗಣ್ಣ ಬೆಲ್ಲದ ಆಸೆಗೆ ಎಲ್ಲಾದಕ್ಕೂ 'ತಿಳೀಲಿಲ್ರಿ' ಅನ್ನಾಕ ಹತ್ತಿದ್ದ. ಯಂತ್ರಾನೂ ಹಂಗರಿ. ಗೊತ್ತಿಲ್ಲ ಅಂದಿದ್ದಕ್ಕ ಬೆಲ್ಲ ಕೊಟ್ರ, ಆನಿ ಮುಂದ ನಿಂತ್ರೂ ಗೊತ್ತಿಲ್ಲ ಅಂತೈತಿ!"

"ಆಮ್ಯಾಲ ಸಂಗಣ್ಣಗ ನಾ ಏನು ಮಾಡಿದೆ?"

"'ನಿನ್ನ ಹೆಸರೇನೋ' ಅಂದ್ರಿ. ಅದಕ್ಕೂ 'ತಿಳೀಲಿಲ್ರಿ' ಅಂದ. 'ಹಂಗಾರ ಈ ಬೆಲ್ಲ ಯಾರಿಗೆ ಕೊಡ್ಲಿ' ಅಂತ ನೀವ ಬಾಯಾಗ ಹಾಕ್ಕೊಂಡ್ರಿ."

ಇಬ್ಬರೂ ಹೊಟ್ಟೆ ಹಿಡಿದು ನಕ್ಕರು. ನಗುತ್ತ ನಗುತ್ತ ನಿಜಗುಣನ ನಗು ಮಾತ್ರ ಅರ್ಧಕ್ಕೇ ನಿಂತುಬಿಟ್ಟಿತು.

ಸಂಗಣ್ಣ ಅವನ ಒಡಹುಟ್ಟಿದ ತಮ್ಮ. ಸೈನ್ಯಕ್ಕೆ ಸೇರಿದ್ದವನು. ಕೆಲವು ವರ್ಷಗಳ ಹಿಂದೆ ಗಡಿಯ ಗುಡ್ಡದಿಂದ ಪೆಟ್ಟಿಗೆಯಲ್ಲಿ ಮಲಗಿ ಬಂದಿದ್ದ. ಅವನ ಮಣ್ಣು ಮುಗಿಸಿದ ವಾರದಲ್ಲೇ ನಿಜಗುಣ ಈ ಗುತ್ತಿಗೆಗೆ ಅರ್ಜಿ ಹಾಕಿದ್ದು.

ಅಜ್ಜಾರು ಎದ್ದು ನಿಂತರು.

"ನಿನ್ನ ಯಂತ್ರ ಹಾರಸು ನೋಡೋಣು."

ಗೂಟದ ಮೇಲಿದ್ದ ಕರಿ ಕಂಬಳಿ ಎಳೆದುಕೊಂಡು, ಮೆಟ್ಟಿಲಿಳಿದು, ನದಿಯ ಉಸುಕಿನ ಮೇಲೆ ಕುಕ್ಕುರುಗಾಲಲ್ಲಿ ಕೂತರು. ಕಂಬಳಿಯನ್ನು ತಲೆ ಮೇಲಿಂದ ಹೊದ್ದರು. ಊರುಗೋಲಿನ ತುದಿಯೊಂದು ಹೊರಗೆ ಚಾಚಿಕೊಂಡಿತ್ತು. ಮಠದ ನಾಯಿಗೆ ಇದೇನೋ ಹೊಸ ಆಟವೆನಿಸಿ, ಬಾಲ ನಿಗುರಿಸಿಕೊಂಡು ಪಕ್ಕದಲ್ಲೇ ನಿಂತಿತು.

ಯಂತ್ರ ಜೇನುಹುಳುವಿನಂತೆ ಗುಂಯ್‌ಗುಡುತ್ತ ಮೇಲೇರಿತು. ನಿಜಗುಣನ ಕೈಯಲ್ಲಿದ್ದ ಪರದೆಯ ಮೇಲೆ ಕೆಂಪು ಚೌಕ ಮೂಡಿತು.

"ಏನಂತೈತೋ?" ಕಂಬಳಿಯೊಳಗಿಂದ ದನಿ.

ನಿಜಗುಣ ಪರದೆಯನ್ನು ಕಣ್ಣ ಹತ್ತಿರ ತಂದು ಮತ್ತೊಮ್ಮೆ ಓದಿದ.

"ಹೇಳೋ ಮಾರಾಯಾ. ಒಳಗ ಸೆಕಿ ಆಗಾಕತ್ತೈತಿ."

"ಫಿರಂಗಿ ಅಂತೈತ್ರಿ."

"ನಾನು?"

"ಹೌದ್ರಿ."

"ಎಷ್ಟು ಖಾತ್ರಿ?"

"ನೂರಕ್ಕ ತೊಂಬತ್ತು."

"ಈ ವಯಸ್ಸಿನ್ಯಾಗ ಇಷ್ಟು ಮರ್ಯಾದಿ ಯಾರು ಕೊಟ್ಟಾರು! ನಾಯಿ?"

"ಆಯುಧ ಹಿಡಿದವ ಅಂತ್ರಿ. ಬಾಲ ಎತ್ತೈತಲ್ರಿ, ಅದಕ್ಕ."

ಕಂಬಳಿ ಕುಲುಕುಲು ಅಲುಗಿತು. ಅಜ್ಜಾರು ಒಳಗೇ ನಗುತ್ತಿದ್ದರು.

ನಿಜಗುಣನಿಗೆ ನಗು ಬರಲಿಲ್ಲ. ಹೆತ್ತ ಕೂಸನ್ನು ಮಂದಿ ಆಡಿಕೊಂಡರೆ ಯಾವ ತಾಯಿಗೆ ನಗು ಬಂದೀತು?

"ಇದು ಯುದ್ಧಭೂಮಿ ಅಲ್ರಿ ಅಜ್ಜಾರ. ಯಂತ್ರಕ್ಕ ಮುದುಕರನ್ನ ತೋರಿಸಿಲ್ಲ, ಕಂಬಳಿ ತೋರಿಸಿಲ್ಲ. ಆ ಗುಡ್ಡದಾಗ ನಿಮ್ಮಂಗ ಯಾರು ಕೂಡ್ತಾರ?"

"ಅದು ಹೆಂಗ ಹೇಳಲಿ? ನಿನ್ನ ಯಂತ್ರದ ಮ್ಯಾಲೇನು ನನಗ ಸಿಟ್ಟಿಲ್ಲ. ಐದ ಹೆಸರು ಕೊಟ್ಟು, ಹೇಳಲೇಬೇಕು ಅಂತ ಕುತ್ತಿಗಿ ಹಿಡದ್ರ, ಪಾಪ, ಏನು ಮಾಡೀತು? ಗೊತ್ತಿಲ್ಲ ಅನ್ನಾಕ ಬಾಯಿ ಕೊಡು ಅದಕ್ಕ."

ಆಗ ನಿಜಗುಣನೊಳಗೆ ಏನೋ ಒಡೆಯಿತು.

"ಆ ಬಾಯಿ ಕೊಟ್ಟಿದ್ರಲ್ಲ ಸಂಗಣ್ಣಗ! ನೀವ ಕೊಟ್ಟಿದ್ರಿ!"

ನಾಯಿ ಬಾಲ ಇಳಿಸಿತು.

"ಮಂಜಿನೊಳಗ ಯಾರೋ ಬಂದ್ರು. ಬಂದೂಕು ಅವನ ಕೈಯಾಗಿತ್ತು. ಬೆರಳು ಎಳದಿದ್ರ ಮುಗೀತಿತ್ತು. ಅವ ಏನಂದ? 'ಯಾರು?' ಅಂದ. ಆ ಮಾತು ಮುಗಿಯೋದ್ರೊಳಗ ಗುಂಡು ಬಂತು. ಪಕ್ಕದಾಗಿದ್ದವ ನನ್ನ ಕೈ ಹಿಡದು ಹೇಳ್ಯಾನ. ಗೊತ್ತಿಲ್ಲದಿದ್ರ ಕೇಳಬೇಕು ಅಂತ ಕಲಿಸಿದವರು ಯಾರ್ರೀ ಅಜ್ಜಾರ? ಇದ ಉಸುಕಿನ ಮ್ಯಾಲ, ಬೆಲ್ಲ ಕೊಟ್ಟು ಕಲಿಸಿದವರು ಯಾರು?"

ಕಂಬಳಿ ನಿಧಾನಕ್ಕೆ ಸರಿಯಿತು. ಅಜ್ಜಾರ ಬೋಳು ತಲೆಯ ಮೇಲೆ ಬೆವರಿತ್ತು. ಕಣ್ಣಲ್ಲಿ ನೀರಿತ್ತು.

"ನಾನ," ಎಂದರು.

ನದಿ ತನ್ನ ಪಾಡಿಗೆ ಹರಿಯಿತು.

"ಕೇಳಿದ್ದಕ್ಕ ಸತ್ತ ನನ್ನ ಹುಡುಗ. ಅಲ್ಲ ಅಂದ್ರ ಸುಳ್ಳಾದೀತು."

ನಿಜಗುಣ ಮುಖ ತಿರುಗಿಸಿ ಮೂಗು ಒರೆಸಿಕೊಂಡ. ಗುರುಗಳ ಮುಂದೆ ದನಿ ಎತ್ತಿದ್ದು ಅದೇ ಮೊದಲು. ತಪ್ಪಾಯಿತೆನ್ನಲು ಬಾಯಿ ತೆರೆದ. ಅಜ್ಜಾರು ಕೈ ಎತ್ತಿ ಬೇಡವೆಂದರು.

"ಅದರ ಹಿಂದಿನ ದೀಪಾವಳಿಗೆ ಅವ ರಜಾ ಮ್ಯಾಲ ಬಂದಿದ್ದ. ಬೇವಿನ ಕಟ್ಟಿ ಮ್ಯಾಲ ಕುಂತು ಒಂದು ಸುದ್ದಿ ಹೇಳಿದ್ದ. ನೀನೂ ಇದ್ದಿ."

"ಯಾವುದ್ರೀ?"

"ಉಪ್ಪಿನ ಚಹಾದ್ದು."

ನಿಜಗುಣನಿಗೆ ನೆನಪಾಯಿತು. ಯಾಕಾದರೂ ನೆನಪಾಯಿತೋ ಎಂಬಂತೆ ನೆನಪಾಯಿತು.

"ಹೇಳು."

"ಅದ ಗುಡ್ಡ, ಅದ ಪಹರೆ, ಹಂಗ ಮಂಜು." ನಿಜಗುಣನ ದನಿ ಕುಗ್ಗಿತ್ತು. "ಯಾರೋ ಬಗ್ಗಿಕೊಂಡು ಬರಾಕತ್ತಿದ್ದರಂತ. ತಲಿ ಮ್ಯಾಲ ಕಂಬಳಿ. ಹೆಗಲ ಮ್ಯಾಲ ಏನೋ ಉದ್ದಂದು. ಇವನು 'ಯಾರು' ಅಂತ ಕೂಗಿದ. ಕುರಿ ಕಾಯೋ ಮುದುಕ. ಕಳದ ಮರಿ ಹುಡುಕ್ಕೊಂಡು ಬಂದಿದ್ದ. ಮರಿ ಸಿಕ್ಕಿತ್ತು, ಕಂಬಳಿಯೊಳಗ ಇಟ್ಕೊಂಡಿದ್ದ. ಇವರು ಚಹಾ ಕೊಟ್ರ, ಅವ ಸಕ್ಕರಿ ಬ್ಯಾಡ ಅಂದು ಸೊಂಟದಿಂದ ಉಪ್ಪು ತಗದು ಹಾಕ್ಕೊಂಡನಂತ..."

"ಸಂಗಣ್ಣ ಏನಂದ?"

"'ಅಣ್ಣಾ, ಆ ಚಹಾ ನಾನೂ ಒಂದು ಗುಟುಕು ಕುಡದೆ, ಥೇಟ್ ಸಾರು' ಅಂದ. ನಕ್ಕೋತ ಹೇಳಿದ್ದರಿ."

ಅಜ್ಜಾರು ಕಂಬಳಿ ಕೊಡವಿ ಮಡಚತೊಡಗಿದರು.

ನಿಜಗುಣ ಪರದೆಯತ್ತ ನೋಡಿದ. ಆಗ ತೆಗೆದ ಚಿತ್ರ ಅಲ್ಲೇ ನಿಂತಿತ್ತು. ಕಂಬಳಿ, ಅದರಿಂದ ಚಾಚಿದ ಕೋಲು, ಸುತ್ತ ಕೆಂಪು ಚೌಕ. ಕೆಳಗೆ ಅಚ್ಚುಕಟ್ಟಾಗಿ: ಫಿರಂಗಿ.

ಬಹಳ ಹೊತ್ತು ನೋಡಿದ.

"ಆ ಮುದುಕ ಇನ್ನೂ ಇದ್ದಾನೇನ್ರಿ?"

"ನನಗೇನು ಗೊತ್ತೋ."

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಪ್ರಯೋಗಾಲಯದಿಂದ ಪದ್ಮರಾಜ. ಹುಡುಗ ಕಟ್ಟಾಳು, ಈ ಯಂತ್ರಕ್ಕೆ ಕಣ್ಣು ಕೊಟ್ಟವನು.

"ಸರ್, ಹೊತ್ತಾತು. ಐದರದ್ದು ಮೊಹರು ಹಾಕಲೇನ್ರಿ?"

ನಿಜಗುಣ ಒಮ್ಮೆ ನದಿ ನೋಡಿದ, ಒಮ್ಮೆ ಗುರುಗಳನ್ನು ನೋಡಿದ. ಗುರುಗಳು ಅವನನ್ನು ನೋಡಲಿಲ್ಲ. ನಾಯಿಯ ಕಿವಿಯಲ್ಲಿ ಅಂಟಿದ್ದ ಮುಳ್ಳು ಬಿಡಿಸುತ್ತಿದ್ದರು.

"ಆರರದ್ದು ಕಳಸು, ಪದ್ಮರಾಜ."

"ಸರ್, ಅಂಕ ಕಡಿಮಿ ಬೀಳ್ತಾವ್ರಿ. ಗುತ್ತಿಗೆ ಹೋದ್ರ..."

"ಹೋದ್ರ ಹೋಗಲಿ ಅಂತ ನಾ ಅನ್ನಂಗಿಲ್ಲ. ನಾಳೆ ನಾನ ಅವರ ಮುಂದ ನಿಂತು ಬಡದಾಡ್ತೀನಿ. 'ಗೊತ್ತಿಲ್ಲ' ಅಂದಾಗ ಒಬ್ಬ ಮನಿಷ್ಯಾ ನೋಡಬೇಕು, ಆ ಹೂಂ ವಾಪಸು ಬೇಕು ಅಂತ ಕೇಳ್ತೀನಿ. ನೀ ಆರರದ್ದು ಕಳಸು."

"ಆತ್ರಿ ಸರ್." ಸ್ವಲ್ಪ ತಡೆದು, ದನಿ ತಗ್ಗಿಸಿ, "ಖರೆ ಹೇಳಲೇನ್ರಿ? ನನಗೂ ನಿದ್ದಿ ಬಂದಿರಲಿಲ್ಲ," ಎಂದು ಫೋನಿಟ್ಟ.

ನಿಜಗುಣ ಯಂತ್ರವನ್ನು ಕೆಳಗಿಳಿಸಿ ಪೆಟ್ಟಿಗೆಯಲ್ಲಿಟ್ಟ. ಮೆಟ್ಟಿಲ ಮೇಲೆ ಗುರುಗಳ ಪಕ್ಕ ಕೂತ. ಎದೆ ಹಗುರಾಗಿತ್ತು, ಹೆದರಿಕೆ ಹಾಗೇ ಇತ್ತು.

"ಅಜ್ಜಾರ, ನಾಳೆ ಪರೀಕ್ಷೆ ಮಾಡಾಕ ಕೂಡೋರು ಕೆಟ್ಟವರಲ್ರಿ. ಅವರ ಹುಡುಗೂರೂ ಗುಡ್ಡದ ಮ್ಯಾಲ ಅದಾರ. ಸಂಗಣ್ಣಂದಂಥಾ ಇನ್ನೊಂದು ಪೆಟಿಗಿ ಊರಿಗೆ ಬರಬಾರದು ಅಂತನ ಅವಸರ ಮಾಡ್ತಾರ. ನಾಳೆ ಮೊದಲನೇ ಪ್ರಶ್ನಾ ಅದ ಬರತೈತಿ: 'ಯುದ್ಧದಾಗ ತಡದವ ಸತ್ತ. ನಿನ್ನ ಯಂತ್ರ ಯಾಕ ತಡೀತೈತಿ?' ನಾ ಏನು ಹೇಳ್ಲಿ?"

ಅಜ್ಜಾರು ಮುಳ್ಳನ್ನು ನೀರಿಗೆಸೆದರು.

"ಸಂಗಣ್ಣಗ ಕಳಕೊಳ್ಳಾಕ ಜೀವ ಅಂತ ಒಂದಿತ್ತು, ಆದ್ರೂ ಅವ ನಿಂತು ಕೇಳಿದ. ಜೀವಾನ ಇಲ್ಲದ ಯಂತ್ರಕ್ಕ ಯಾತರ ಅವಸರ್ರೀ ಅಂತ, ನೀನ ಅವರನ್ನ ಕೇಳು."