ಊಟ ಆಯ್ತಾ ಸಾರ್?

ವಿದ್ಯಾರ್ಥಿಗಳ ಕಷ್ಟ ಕೇಳೋದಕ್ಕೆಂದೇ ವಿಶ್ವವಿದ್ಯಾಲಯದ ವಿದ್ಯಾರ್ಥಿ ಸಂಘದವರು ಒಂದು ಕೋಣೆ ಇಟ್ಟಿದ್ದರು. ಅವತ್ತು ಅಲ್ಲಿ ಕೂತಿದ್ದವಳು ಎಂ.ಎ. ಓದುವ ಶಾಂಭವಿ. ಕುಲಸಚಿವರು ಧುಮುಗುಡುತ್ತ ಬಂದರು.

"ಇಲ್ಲಿಗೆ ಒಂದು ನರಪಿಳ್ಳೇನೂ ಬರಲ್ಲ. ನಾಳೇನೇ ಖಾಲಿ ಮಾಡಿ. ನನ್ನ ಅತಿಥಿಗಳಿಗೆ ಸೋಫಾ ಹಾಕಿಸ್ಬೇಕು!"

ಶಾಂಭವಿ ವಾದಕ್ಕಿಳಿಯಲಿಲ್ಲ. ಕುರ್ಚಿ ಎಳೆದುಕೊಟ್ಟು, "ಊಟ ಆಯ್ತಾ ಸಾರ್?" ಅಂದಳು.

"ಎಲ್ಲಿ ಊಟ, ತಾಯಿ!" ಕುಲಸಚಿವರು ಕುಸಿದು ಕೂತರು. ಕುಲಪತಿಗಳ ಬೈಗುಳ, ಮಂಡಿನೋವು, ಮನೆಯ ಉಪ್ಪಿಲ್ಲದ ಸಾರು, ಮಾತು ಬಿಟ್ಟ ಮಗಳು, ಎಲ್ಲಾ ಹೊರಗೆ ಬಂತು. ಶಾಂಭವಿ ನಡುನಡುವೆ "ಹೂಂ" ಅಂದಳು, ಅಷ್ಟೇ. ಕೊನೆಗೆ ಅವರು ಕಣ್ಣೊರೆಸಿಕೊಂಡು ಹಗುರಾಗಿ ಎದ್ದರು.

"ಸಾರ್, ಕೋಣೆ ನಾಳೇನೇ ಖಾಲಿ ಮಾಡ್ಬೇಕಾ?"

ಕುಲಸಚಿವರು ಬಾಗಿಲಲ್ಲಿ ನಿಂತು, ಆಚೀಚೆ ನೋಡಿ, ದನಿ ತಗ್ಗಿಸಿದರು.

"ನಾಳೆ ಎಷ್ಟು ಗಂಟೆಗೆ ಬಾಗಿಲು ತೆಗೀತೀರಮ್ಮ?"