ಕ್ವಾಟ್ಲೆ ನಾಯಿಯೂ ಮುದ್ರೆಯಿಲ್ಲದ ಸಾಮಾನೂ

ಕೂತ್ಕೊಳ್ಳಿ. ನಿಂತವರನ್ನು ನೋಡಿದರೇ ಸುಸ್ತಾಗುತ್ತೆ.

ಆಕಳಿಕೆಪುರ ಅಂತ ಒಂದು ರಾಜ್ಯ. ಅಲ್ಲೊಬ್ಬ ರಾಜ ಇದ್ದ. ಇದ್ದ ಅಂದರೆ ಕೂತಿದ್ದ. ಎದ್ದು ನಿಂತದ್ದನ್ನು ಯಾರೂ ನೋಡಿರಲಿಲ್ಲ. ರಾಜ ಆಕಳಿಸಿದರೆ ಮಂತ್ರಿ ಆಕಳಿಸುತ್ತಿದ್ದ. ಮಂತ್ರಿ ಆಕಳಿಸಿದರೆ ಆನೆ ಆಕಳಿಸುತ್ತಿತ್ತು. ಆನೆ ಆಕಳಿಸಿದರೆ ಊರೇ ಬಾಗಿಲು ಹಾಕಿ ಮಲಗುತ್ತಿತ್ತು.

ಊರು ಮಲಗಿದರೆ ತೋಳ ಮಲಗುತ್ತದಾ? ಬಂದು ಕುರಿ ಹೊತ್ತುಕೊಂಡು ಹೋಗುತ್ತಿತ್ತು. ನಾಯಿಗಳು ಒಂದು ಕಣ್ಣು ತೆರೆದು ನೋಡಿ, ಆ ಕಣ್ಣನ್ನೂ ಮುಚ್ಚುತ್ತಿದ್ದವು. ಕೊನೆಗೆ ರಾಜ ಡಂಗುರ ಹೊಡೆಸಿದ: “ಬರುವ ಹುಣ್ಣಿಮೆ ದಿನ ಬೆಳಿಗ್ಗೆ ಎಲ್ಲ ನಾಯಿಗೂ ಪರೀಕ್ಷೆ. ಬೇಲಿ ಹಾರಬೇಕು, ಪೊದೆ ನುಗ್ಗಬೇಕು, ಮರ ಮರ ಸುತ್ತಿ ಓಡಬೇಕು. ಆಗದ ನಾಯಿಯನ್ನು ತೋಳದ ಕಾಡಿಗೇ ಬಿಡತಕ್ಕದ್ದು.”

ಅರಮನೆಯ ಉಗ್ರಾಣ ನೋಡಿಕೊಳ್ಳುವವನು ರಂಗರಸ. ಆ ಊರಲ್ಲಿ ಸುಸ್ತಿಲ್ಲದವನು ಅವನೊಬ್ಬನೇ. ನಾಯಿ ಪಳಗಿಸೋಕೆ ಅಂತ ತೇಗದ ಅಡ್ಡಗೋಲು, ಹಿತ್ತಾಳೆ ಬಳೆಯ ಸುರಂಗ, ಬಣ್ಣದ ಗೂಟ ಮಾಡಿಸಿದ. ಅರಮನೆ ಮುದ್ರೆ ಹೊಡೆಸಿ ಮಾರೋಕೆ ಇಟ್ಟ. ಬದಲಿಗೆ ಒಂದು ಕರೆಯುವ ಹಸು ಕೊಡಬೇಕು. ಜನ ಕೊಳ್ಳದೆ ತಪ್ಪಿಸಿಕೊಂಡಾರು ಅಂತ, ರಾಜ ತೂಕಡಿಸುವಾಗ ಇನ್ನೊಂದು ಕಾನೂನಿಗೂ ಅವನಿಂದ ಹೂಂ ಅನ್ನಿಸಿಕೊಂಡ: “ನಾಯಿ ಯಾವುದನ್ನು ಹಾರುತ್ತೋ, ಯಾವುದರೊಳಗೆ ನುಗ್ಗುತ್ತೋ, ಯಾವುದನ್ನು ಸುತ್ತುತ್ತೋ ಅದಕ್ಕೆ ಮುದ್ರೆ ಇರಬೇಕು. ಇಲ್ಲದ್ದು ಉಗ್ರಾಣ ಸೇರಬೇಕು.”

ಬುಟ್ಟಿ ಹೆಣೆಯುವ ಹೊನ್ನಮ್ಮನ ಹತ್ತಿರ ಹಸು ಇರಲಿಲ್ಲ. ಇದ್ದದ್ದು ಒಂದು ನಾಯಿ. ಹೆಸರು ಕ್ವಾಟ್ಲೆ, ಅಂದರೆ ಕಾಟ. ಅದಕ್ಕೆ ಮಾತು ಬರುತ್ತಿತ್ತು, ಎದುರು ಮಾತೇ ಜಾಸ್ತಿ. ಗಂಡ ತೀರಿಕೊಂಡ ಮೇಲೆ ಆ ಮನೆಯಲ್ಲಿ ಅವಳ ಮಾತಿಗೆ ಉತ್ತರ ಕೊಡುತ್ತಿದ್ದದ್ದು ಅದೊಂದೇ.

ಮೊದಲನೆಯ ದಿನ ಹೊನ್ನಮ್ಮ ನಾಲ್ಕು ಇಟ್ಟಿಗೆ ಜೋಡಿಸಿ ಮೇಲೊಂದು ಬಿದಿರಿನ ಗಳ ಇಟ್ಟಳು. ಕಟ್ಟಲಿಲ್ಲ. ಕಾಲು ತಗುಲಿದರೆ ಗಳ ಬೀಳಬೇಕು, ನಾಯಿ ಬೀಳಬಾರದು.

“ಹಾರೋ.”

“ಕೆಳಗೆ ಇಷ್ಟು ಜಾಗ ಇದೆಯಲ್ಲವ್ವಾ. ಹಾರೋದ್ಯಾಕೆ?”

ಒಂದು ಚೂರು ಮುದ್ದೆ ತೋರಿಸಿದಳು. ಹಾರಿತು. ಅಷ್ಟರಲ್ಲಿ ರಂಗರಸ ಬಂದ. “ಮುದ್ರೆ ಎಲ್ಲೇ?” ಅಂದ. ಇಟ್ಟಿಗೆ, ಗಳ ಉಗ್ರಾಣಕ್ಕೆ ಹೋದವು. ಹೊನ್ನಮ್ಮ ಸೊಂಟ ಹಿಡಿದು ಕೂತಳು.

ಎರಡನೆಯ ದಿನ ಬುಡವಿಲ್ಲದ ಐದು ಬುಟ್ಟಿಗಳನ್ನು ಸಾಲಾಗಿ ಸೇರಿಸಿ ಕಟ್ಟಿದಳು. ಉರುಳದಂತೆ ಎರಡೂ ಬದಿಗೆ ಕಲ್ಲು ಕೊಟ್ಟಳು. ಸುರಂಗ ಆಯಿತು.

“ನುಗ್ಗೋ.”

“ಕತ್ತಲೆ. ಮೊದಲು ನೀನು ಹೋಗಿ ಬಾ.”

ಆ ಕಡೆ ತುದಿಯಲ್ಲಿ ಬೋರಲು ಮಲಗಿ, ಮುಖ ತೋರಿಸಿ ಕರೆದಳು. ನುಗ್ಗಿತು. ರಂಗರಸ ಬಂದ. “ಮುದ್ರೆ ಎಲ್ಲೇ?” ಅಂದ. ಬುಟ್ಟಿಗಳು ಹೋದವು. ಹೊನ್ನಮ್ಮ ಮಲಗಿದ್ದಲ್ಲಿಂದ ಏಳಲೇ ಇಲ್ಲ.

ಮೂರನೆಯ ದಿನ ಹಿತ್ತಲಲ್ಲಿ ಆರು ಬಿದಿರುಕೋಲು ಸಾಲಾಗಿ ನೆಟ್ಟಳು. ಕೋಲಿಗೂ ಕೋಲಿಗೂ ನಡುವೆ ಒಂದು ನಾಯಿ ಉದ್ದ ಜಾಗ.

“ಸುತ್ತೋ.”

“ನೆಟ್ಟಗೆ ಹೋದರೆ ಬೇಗ ತಲುಪಲ್ವಾ?”

ಮುದ್ದೆ ಹಿಡಿದು ತಾನೇ ಡೊಂಕು ಡೊಂಕಾಗಿ ಮುಂದೆ ನಡೆದಳು. ಅದೂ ಹಿಂದೆ ಬಂತು. ರಂಗರಸ ಬಂದ. ಕೋಲು ಕಿತ್ತು, ಮನೆಯೊಳಗಿಂದ ಬೀದಿಗೆ ಹೊರಟ. ಬೊಗಳೋಕೆ ಅಂತ ಕ್ವಾಟ್ಲೆ ಹೊಸ್ತಿಲು ಹಾರಿ ಹೊರಗೆ ಬಂತು.

“ಓಹೋ, ಇದನ್ನೂ ಹಾರುತ್ತಾ?” ಅಂದವನೇ ಹೊಸ್ತಿಲನ್ನೂ ಕೀಳಿಸಿಕೊಂಡು ಹೋದ!

ಹುಣ್ಣಿಮೆಗೆ ಒಂಬತ್ತು ದಿನ ಉಳಿದಿತ್ತು. ಹೊನ್ನಮ್ಮ ಗೋಡೆಗೆ ಒರಗಿದಳು.

“ಸಾಕಾಗಿ ಹೋಯ್ತು ಕಣೋ. ಮನೇಲಿ ಇನ್ನು ಗೋಡೆ, ಮಂಚ ಬಿಟ್ಟರೆ ಏನೂ ಇಲ್ಲ. ನಿನ್ನ ಕಾಡಿಗೆ ಬಿಟ್ಟ ಮೇಲೆ ನಾನು ಯಾರ ಹತ್ತಿರ ಮಾತಾಡಲಿ?”

ಕ್ವಾಟ್ಲೆ ಬಂದು ಅವಳ ಪಕ್ಕ ಕೂತಿತು. ಆಮೇಲೆ ಕೇಳಿತು:

“ಅವ್ವಾ, ನಾಳೆನೂ ಬರ್ತಾನಾ ಅವನು?”

“ಬರದೆ ಇರ್ತಾನಾ?”

“ಮಂಚದ ಕೆಳಗೆ ಬಗ್ಗಿ ಹುಡುಕ್ತಾನಾ?”

“ಹುಡುಕದೆ ಇರ್ತಾ...” ಹೊನ್ನಮ್ಮ ನಾಯಿಯ ಮುಖ ನೋಡಿದಳು. ನಾಯಿ ಅವಳ ಮುಖ ನೋಡಿತು.

ಮಾರನೆಯ ದಿನ ರಂಗರಸ ಬಂದು ಮಂಚದ ಕೆಳಗೆ ಬಗ್ಗಿದ. “ಹಾರೋ” ಅಂದಳು. ಕ್ವಾಟ್ಲೆ ಅವನ ಬೆನ್ನಿನ ಮೇಲಿಂದ ಹಾರಿತು. ಅಟ್ಟದ ಮೇಲೆ ಇಣುಕೋಕೆ ಅಂತ ಕಾಲಗಲಿಸಿ ನಿಂತ. “ನುಗ್ಗೋ” ಅಂದಳು. ಕಾಲ ಸಂದಿಯಲ್ಲಿ ನುಗ್ಗಿತು. ಸಿಟ್ಟಾಗಿ ನೆಲ ಒದೆಯುತ್ತಾ ನಡೆದ. “ಸುತ್ತೋ” ಅಂದಳು. ಬಲಗಾಲು, ಎಡಗಾಲು, ಬಲಗಾಲು ಸುತ್ತಿತು.

“ಹಿಡ್ಕೊಳ್ಳೇ ಇದನ್ನ!”

“ಎಲ್ಲಿ ಹಿಡೀಲಿ ಬುದ್ಧಿ, ಕೈಯಲ್ಲಿ ಶಕ್ತಿನೇ ಇಲ್ಲ.”

ದಿನದಿನಕ್ಕೆ ನಾಯಿ ಚುರುಕಾಯಿತು. ಸಾಮಾನು ಎಲ್ಲೋ ಬಚ್ಚಿಟ್ಟಿದ್ದಾಳೆ ಅಂತ ರಂಗರಸನಿಗೆ ಅನುಮಾನ. ಅನುಮಾನ ಜಾಸ್ತಿ ಆದಷ್ಟೂ ಜಾಸ್ತಿ ಬಗ್ಗಿದ. ಬಗ್ಗಿದಷ್ಟೂ ಅದು ಜಾಸ್ತಿ ಹಾರಿತು. ಎಂಟು ದಿನ ಹೀಗೇ. ಬಾಡಿಗೆಯಿಲ್ಲದ ಸಾಮಾನು, ತಾನಾಗೇ ನಡೆದು ಬರುತ್ತಿತ್ತು.

ಹುಣ್ಣಿಮೆ ಬಂತು. ಅರಮನೆ ಬಯಲಲ್ಲಿ ಕ್ವಾಟ್ಲೆ ಹಾರಿತು, ನುಗ್ಗಿತು, ಸುತ್ತಿತು. ಜನ ಆಕಳಿಕೆ ಮರೆತು ಚಪ್ಪಾಳೆ ಹೊಡೆದರು. ರಂಗರಸ ಮಾತ್ರ ಕೂಗಿದ:

“ಮೋಸ! ಇವಳ ಹತ್ತಿರ ಮುದ್ರೆಯಿಲ್ಲದ ಸಾಮಾನಿದೆ. ಈ ಕ್ಷಣವೇ ಉಗ್ರಾಣ ಸೇರಬೇಕು. ಏನೇ ಆಗಿರಲಿ, ಯಾರದ್ದೇ ಆಗಿರಲಿ, ಬಿಡಬೇಡಿ!”

“ಇದೆಯೇನಮ್ಮಾ?” ಅಂದ ರಾಜ.

“ಇದೆ ಬುದ್ಧಿ. ಸುಳ್ಳು ಹೇಳೋಕೂ ತ್ರಾಣ ಬೇಕಲ್ಲ.”

ಹೊನ್ನಮ್ಮ ಒಂದು ಚೂರು ಮುದ್ದೆಯನ್ನು ರಂಗರಸನ ಕಾಲ ಬಳಿ ಎಸೆದಳು. ಏನದು ಅಂತ ಅವನು ಬಗ್ಗಿದ. ಕ್ವಾಟ್ಲೆ ಹಾರಿತು. ಬೆಚ್ಚಿ ಕಾಲಗಲಿಸಿದ. ನುಗ್ಗಿತು. ಓಡೋಕೆ ಹೊರಟ. ಸುತ್ತಿತು.

ರಾಜ ಅರ್ಧ ಆಕಳಿಕೆಯನ್ನು ಅಲ್ಲಿಗೇ ನಿಲ್ಲಿಸಿದ. “ಇದಕ್ಕೆ ಮುದ್ರೆ ಇದೆಯಾ, ನೋಡ್ರಪ್ಪಾ.”

ಭಟರು ಬೆನ್ನು ನೋಡಿದರು. ಹೊಟ್ಟೆ ನೋಡಿದರು. ಅಂಗಾಲು ನೋಡಿದರು. ಇರಲಿಲ್ಲ.

“ಪ್ರಭೂ, ನಾನು ಮನುಷ್ಯ!”

“ಮನುಷ್ಯರನ್ನು ಬಿಡಬೇಕು ಅಂತ ನೀನು ಬರೆದಿಲ್ಲವಲ್ಲಯ್ಯಾ,” ಅಂದ ರಾಜ. “ಹೊತ್ಕೊಂಡು ಹೋಗಿ. ಆಮೇಲೆ ಆ ಕಾನೂನು ಹರಿದು ಹಾಕಿ, ಜನರ ಸಾಮಾನು ಜನರಿಗೆ ಕೊಟ್ಟುಬಿಡಿ. ನನಗೂ ಸಾಕಾಯ್ತು.”

ಉಗ್ರಾಣದ ಬಾಗಿಲು ತೆಗೆದರು. ಒಬ್ಬರು ಗಳ ತಗೊಂಡರು, ಒಬ್ಬರು ಇಟ್ಟಿಗೆ ತಗೊಂಡರು. ಹೊನ್ನಮ್ಮ ಹೊಸ್ತಿಲು ಹೊತ್ತಳು. ಕ್ವಾಟ್ಲೆ ಬುಟ್ಟಿಯ ಸುರಂಗದೊಳಗೆ ನುಗ್ಗಿ, ಅದನ್ನು ಮೈಮೇಲೆ ಹಾಕಿಕೊಂಡೇ ಮನೆಗೆ ಹೋಯಿತು. ಸಂಜೆ ಹೊತ್ತಿಗೆ ಒಂದೇ ಒಂದು ಸಾಮಾನು ಉಳಿಯಿತು.

“ಇದು ಯಾರದ್ದು?” ಅಂತ ಕಾವಲಿನವನು ಮೂರು ಸಲ ಕೂಗಿದ.

ಯಾರೂ ನಂದು ಅನ್ನಲಿಲ್ಲ.

ಅದಕ್ಕೇ ಹೇಳೋದು: ಕಲಿಯೋಕೆ ಮನೆಯ ಗಳ, ಇಟ್ಟಿಗೆ, ಒಂದು ಚೂರು ಮುದ್ದೆ ಸಾಕು. ಇಲ್ಲದವರಿಂದ ಅದನ್ನೂ ಕಿತ್ತುಕೊಳ್ಳೋಕೆ ಕಾನೂನು ಮಾಡಿದವನು ಒಂದು ದಿನ ತನ್ನ ಕಾನೂನಿಗೆ ತಾನೇ ಸಿಕ್ಕಿಬೀಳುತ್ತಾನೆ.

ಆಯ್ತು, ಏಳಿ. ಆಕಳಿಸುವವರು ಮನೆಗೆ ಹೋಗಿ ಆಕಳಿಸಿ.