ಪಡುಗೋಳಿಯ ಕೂಕಣಿಕಟ್ಟೆ

ಪಡುಗೋಳಿಯ ಬಸ್ಸಿಳಿದು ಮೀನು ಮಾರುಕಟ್ಟೆಯ ಪಕ್ಕದ ಓಣಿಯಲ್ಲಿ ಪಡುವಣಕ್ಕೆ ನಡೆದರೆ, ಓಣಿ ಮುಗಿಯುವಲ್ಲಿ ಕಡಲು ಕಾಣುತ್ತದೆ. ಕಡಲಿಗೂ ಊರಿಗೂ ನಡುವೆ ಒಂದು ಹಳೆಯ ಕಲ್ಲುಕಟ್ಟಡ. ಹೊಸಬರು ಅದನ್ನು ದೊಡ್ಡ ದೇವಸ್ಥಾನದ ಪುಷ್ಕರಿಣಿಯ ಒಂದು ಬದಿ ಎಂದುಕೊಳ್ಳುವುದುಂಟು. ಏಕೆಂದರೆ ಅದು ಗೋಡೆಯ ಹಾಗೆ ನೆಟ್ಟಗೆ ನಿಂತಿಲ್ಲ. ಅಗಲಗಲದ ಸಾಲುಗಳು ಒಂದರ ಮೇಲೊಂದು ಹಿಂದೆ ಸರಿಯುತ್ತ, ಈ ಕೋಡಿಯಿಂದ ಆ ಕೋಡಿಯವರೆಗೆ ಊರನ್ನು ಬಳಸಿ ಮಲಗಿವೆ. ಮೇಲಿನ ಸಾಲಿನಲ್ಲಿ ಬಲೆ ಹೊಲಿಯುವವರು, ಮೀನು ಒಣಗಿಸುವವರು, ಸುಮ್ಮನೆ ಮಾತಿಗೆ ಕುಳಿತವರು. ಸರಕಾರದವರು ಅಲ್ಲೊಂದು ಫಲಕ ನೆಟ್ಟು 'ಕಡಲ ತಡೆಗೋಡೆ' ಎಂದು ಬರೆಸಿದ್ದಾರೆ. ಆದರೆ ಆ ಹೆಸರಿನಿಂದ ಅದನ್ನು ಕರೆದವರನ್ನು ಊರಿನಲ್ಲಿ ಯಾರೂ ಕಂಡಿಲ್ಲ. ಊರವರಿಗೆ ಅದು ಕೂಕಣಿಕಟ್ಟೆ. 'ಕೂಕಣಿ' ಎಂದರೆ ಈ ಕಡೆಯ ಮಾತಿನಲ್ಲಿ 'ಕುಳಿತುಕೊಳ್ಳಿ' ಎಂದು. ಮನೆಗೆ ಬಂದವರಿಗೆ ಮೊದಲು ಹೇಳುವ ಮಾತು.

ಹಿಂದೆ ಒಮ್ಮೆ, ಈ ಊರು ಇನ್ನೂ ಮೂರು ಕೇರಿಗಳ ಮೀನುಗಾರರ ಹಳ್ಳಿಯಾಗಿದ್ದ ಕಾಲದಲ್ಲಿ, ಇಲ್ಲಿ ಅಂತಯ್ಯನೆಂಬವನು ಗುರಿಕಾರನಾಗಿದ್ದನಂತೆ. ಗುರಿಕಾರನೆಂದರೆ ಊರಿನ ಯಜಮಾನ. ಆದರೆ ಅವನ ಮನೆಗೆ ಯಜಮಾನಿ ಅವನ ಅಕ್ಕ ಮುತ್ತಕ್ಕ. ಅವರ ಕುಲದಲ್ಲಿ ಮನೆ ನಡೆಯುವುದು ಹೆಣ್ಣುಮಕ್ಕಳ ಕಡೆಯಿಂದಲೇ ಅಲ್ಲವೆ? ಪ್ರತಿ ಮಳೆಗಾಲದಲ್ಲಿಯೂ ಕಡಲು ಏರಿ ಬಂದು ಒಂದೆರಡು ಮನೆಗಳನ್ನು ಎಳೆದುಕೊಂಡು ಹೋಗುತ್ತಿತ್ತು. ಊರವರು ಎರಡು ಸಲ ಗೋಡೆ ಕಟ್ಟಿದರು. ಆಳೆತ್ತರದ ಗೋಡೆ. ಎರಡು ಸಲವೂ ತೆರೆಗಳು ಎದೆಗೆ ಎದೆ ಕೊಟ್ಟು ಗುದ್ದಿ, ಬುಡದ ಮರಳನ್ನು ಕೆರೆದು, ಗೋಡೆಯನ್ನು ಮಕಾಡೆ ಮಲಗಿಸಿದವು. ಅಂತಯ್ಯ ಬೇಸತ್ತು ಊರದೇವತೆ ಅಮ್ಮನ ಗುಡಿಯಲ್ಲಿ ದೀಪ ಮುಟ್ಟಿ ಹೇಳಿಬಿಟ್ಟ: "ಇನ್ನೊಂದು ಸಲ ಕಟ್ಟುವ. ಅದೂ ಬಿದ್ದರೆ ಈ ದೀಪ ಹಿಡಿದುಕೊಂಡು ಹಾಡಿಯ ಆಚೆಗೆ ಹೋಗುವ. ಕಡಲಿನ ಸಹವಾಸ ಸಾಕು." ಮುತ್ತಕ್ಕನಿಗೆ ಆ ಮಾತು ಎದೆಗೆ ಮುಳ್ಳು ನೆಟ್ಟ ಹಾಗಾಯಿತು. ತೆರೆಯ ಸದ್ದಿಲ್ಲದೆ ಒಂದು ದಿನವೂ ನಿದ್ದೆಹೋಗದ ಜೀವ ಅದು. ಅಮ್ಮನ ಗುಡಿಯ ಬಾಗಿಲು ಕಡಲಿಗೆ ಮುಖಮಾಡಿರುವಾಗ ಅಮ್ಮನನ್ನು ಹಾಡಿಯ ಮರಗಳ ಕತ್ತಲಿನಲ್ಲಿ ಕೂರಿಸುವುದೆ? ಆದರೆ ದೀಪ ಮುಟ್ಟಿ ಆಡಿದ ಮಾತನ್ನು ತಿರುಗಿಸುವವರು ಯಾರು? ಉಳಿದದ್ದು ಒಂದೇ ದಾರಿ, ಬೀಳದ ಗೋಡೆ ಕಟ್ಟಿಸುವುದು.

ಗೋಡೆಯ ಕೆಲಸವನ್ನು ಮುತ್ತಕ್ಕನಿಗೆ ಬಿಟ್ಟು ಅಂತಯ್ಯನೂ ಉಳಿದ ಗಂಡಸರೂ ದೋಣಿ ಕಟ್ಟಿಕೊಂಡು ತೆಂಕಣ ದಂಡೆಗೆ ಮೀನುಗಾರಿಕೆಗೆ ಹೋದ ಮೇಲೆ, ಮುತ್ತಕ್ಕ ಒಣಮೀನಿನ ಬುಟ್ಟಿ ಹೊತ್ತು ಘಟ್ಟದ ಬುಡದ ಸಂತೆಗೆ ನಡೆದಳು. ಅಲ್ಲಿ ಕಾಳಪ್ಪಾಚಾರಿ ಎಂಬ ಕಲ್ಲುಕೆಲಸದವನ ಹೆಸರು ದೊಡ್ಡದು. "ಪಡುಗೋಳಿಗೆ ಒಂದು ಕಟ್ಟೆ ಆಯ್ಕ್ ಆಚಾರ್ರೆ, ಮಳೆಗಾಲದ ಒಳಗೆ. ಗಟ್ಟಿ ಇರ್ಕ್" ಎಂದಳು. ಕಟ್ಟೆ ಆಗಬೇಕು, ಗಟ್ಟಿಯಾಗಿರಬೇಕು, ಅಷ್ಟೇ. ಕಡಲ ಬದಿಯವರಿಗೆ ಕಟ್ಟೆಯೆಂದರೆ ನೀರು ತಡೆಯುವ ಒಡ್ಡು. ಘಟ್ಟದ ಬುಡದವರಿಗೋ, ಅರಳಿಮರಕ್ಕೆ, ಗೋಳಿ ಎಂಬ ಆಲದ ಮರಕ್ಕೆ ಸುತ್ತ ಕಟ್ಟುವ ಕೂರುವ ಜಗಲಿ. ಪಡುಗೋಳಿಯೆಂಬುದು ಊರಿನ ಹೆಸರೆಂದು ಆಚಾರಿಗೆ ತಿಳಿಯದು. ಪಡುವಣ ದಿಕ್ಕಿನಲ್ಲಿ ಎಲ್ಲೋ ಒಂದು ಗೋಳಿಮರವಿದೆ ಎಂದು ತಿಳಿದ. "ನನ್ನ ಕಟ್ಟೆ ಗೋಳಿಯ ಬೇರಿಗೇ ಬಗ್ಗುದಿಲ್ಲ, ಅಮ್ಮ" ಎಂದ. "ಹಾಂಗಾರೆ ಅಡ್ಡಿಲ್ಲ" ಎಂದು ಮುತ್ತಕ್ಕ ವೀಳ್ಯ ಕೊಟ್ಟಳು.

ಆಚಾರಿ ಆಳುಗಳೊಡನೆ ಬಂದ. ಅವನು ಕಡಲನ್ನು ಕಂಡದ್ದು ಅದೇ ಮೊದಲು. ಬೆರಗಿನಿಂದ ಕೈಮುಗಿದು, ಆಮೇಲೆ ಸುತ್ತ ನೋಡಿ, "ಮರ ಎಲ್ಲಿ?" ಎಂದು ಕೇಳಿದ. "ಮರವನ್ನು ನಮ್ಮಜ್ಜಿಯ ಕಾಲದಲ್ಲಿಯೇ ಕಡಲು ನುಂಗಿತು. ಅದಕ್ಕೇ ಅಲ್ದಾ ಕಟ್ಟೆ?" ಎಂದಳು ಮುತ್ತಕ್ಕ. ಇಲ್ಲದ ಮರದ ನೆನಪಿಗೆ ಕಟ್ಟೆ ಕಟ್ಟಿಸುತ್ತಾರಲ್ಲ, ಎಂಥ ಭಕ್ತರ ಊರು ಎಂದು ಆಚಾರಿಯ ಕಣ್ಣು ಒದ್ದೆಯಾಯಿತು. ಉದ್ದ ಕೇಳಿದರೆ ಮುತ್ತಕ್ಕ ಎರಡು ಕೈಯನ್ನೂ ಚಾಚಿ ಊರಿನ ಎರಡು ಕೋಡಿಗಳನ್ನು ತೋರಿಸಿದಳು. "ಕೂರುವವರು ಎಷ್ಟು ಜನ?" ಎಂದು ಅವನು ವಿಚಾರಿಸಿದ. ತೆರೆಯ ಅಬ್ಬರದಲ್ಲಿ ಮುತ್ತಕ್ಕನಿಗೆ ಅದು 'ಊರವರು ಎಷ್ಟು ಜನ' ಎಂದು ಕೇಳಿಸಿತು. "ಮೂರು ಕೇರಿ ತುಂಬ ಇದ್ದೇವೆ!" ಎಂದಳು. ಅಷ್ಟು ಜನ ಕೂರಬೇಕಾದರೆ ಒಂದು ಸಾಲು ಸಾಲದು ಎಂದು ಆಚಾರಿ ಸಾಲಿನ ಹಿಂದೆ ಸಾಲು ಎತ್ತತೊಡಗಿದ.

ಮೂರು ಕೇರಿಯ ಹೆಂಗಸರೂ ಕಲ್ಲು ಹೊತ್ತರು. ಸಾಲುಗಳು ಅಗಲವಾಗಿ ಹರಡುತ್ತ ಹೋದಾಗ ಮುತ್ತಕ್ಕ, ಇದು ಬುನಾದಿ, ಬುಡ ಅಗಲವಾದಷ್ಟೂ ಒಳ್ಳೆಯದು, ಗೋಡೆ ಇನ್ನು ಮೇಲೆ ಏಳುತ್ತದೆ ಎಂದೇ ನಂಬಿದಳು. ಕಡೆಗೊಂದು ದಿನ ಆಚಾರಿ ಮೇಲಿನ ಸಾಲಿಗೆ ನುಣ್ಣಗೆ ಸುಣ್ಣದ ಗಾರೆ ಬಳಿದು, ಕೈ ತೊಳೆದು, ಹೆಗಲ ವಸ್ತ್ರದಿಂದ ಕಲ್ಲನ್ನು ಒರೆಸಿ, "ಆಯ್ತು ಅಮ್ಮ. ಕೂಕಣಿ!" ಎಂದು ನಗುತ್ತ ನಿಂತ. ಹೊಸ ಕಟ್ಟೆಯಲ್ಲಿ ಕಟ್ಟಿಸಿದವರೇ ಮೊದಲು ಕೂರುವುದು ಅವನ ಸೀಮೆಯ ಪದ್ಧತಿ. "ಕೂರುದೆಂತ? ಗೋಡೆ ಎಲ್ಲಿ?" ಎಂದಳು ಮುತ್ತಕ್ಕ. "ಯಾವ ಗೋಡೆ?" ಎಂದ ಆಚಾರಿ.

ಅದೇ ಹೊತ್ತಿಗೆ ತೆಂಕಣದಿಂದ ದೋಣಿಗಳು ಬಂದವು. ಅಂತಯ್ಯ ಮೊಣಕಾಲುದ್ದ ನೀರಿಗೆ ಧುಮುಕಿ ನಿಂತವನು ನಿಂತೇ ಇದ್ದ. "ಅಕ್ಕಾ, ಕಡಲನ್ನು ತಡಿ ಅಂದ್ರೆ, ನೀನು ಕಡಲಿಗೆ ಮೆಟ್ಟಿಲು ಮಾಡಿಸಿದ್ಯಲ್ಲೇ!" ಆಚಾರಿಯ ಮುಖ ಸುಣ್ಣದಷ್ಟೇ ಬಿಳುಪಾಯಿತು. "ಅಮ್ಮ ಕಟ್ಟೆ ಅಂದ್ರ್, ಗೋಡೆ ಅನ್ಲಿಲ್ಲ" ಎಂದು ತೊದಲಿದ. ದೋಣಿಯಲ್ಲಿದ್ದ ಬಚ್ಚ ಎಂಬ ಕುಚೋದ್ಯದವನು ಅಲ್ಲಿಂದಲೇ ಕೂಗಿದ: "ಗುರಿಕಾರ್ರೆ, ಜಗಲಿ ಆಯ್ತಲ್ಲ, ಇನ್ನು ಕಡಲಿಗೆ ಆಸ್ರಿಗೆ ಕೊಡಿ, ಎಲೆ‑ಅಡಿಕೆ ಇಡಿ! ನೆಂಟರು ಉಂಡೇ ಹೋಗಲಿ!" ಆಸ್ರಿಗೆ ಎಂದರೆ ಬಂದವರಿಗೆ ಕೊಡುವ ಬೆಲ್ಲ‑ನೀರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅಂತಯ್ಯನೊಬ್ಬನೇ ನಗಲಿಲ್ಲ. ಪಡುವಣದಲ್ಲಿ ಮೋಡ ಕಪ್ಪಿಟ್ಟಿತ್ತು. ಕೆಡವಿ ಕಟ್ಟುವುದಕ್ಕೆ ಹೊತ್ತಿಲ್ಲ. "ಪಾತ್ರೆ‑ಪಗಡೆ ಕಟ್ಟಿಕೊಳ್ಳಿ" ಎಂದ.

ಮುತ್ತಕ್ಕ ಮಾತ್ರ ಬಚ್ಚನ ಮಾತನ್ನೇ ಮೆಲುಕು ಹಾಕುತ್ತಿದ್ದಳು ಎನ್ನುತ್ತಾರೆ. "ಬಾಗಿಲಲ್ಲಿ ನಿಲ್ಲಿಸಿ ಕಳಿಸಿದರೆ ನೆಂಟರಾದರೂ ಜಗಳ ತೆಗೀತ್ರ್. ಎರಡು ಸಲ ನಾವು ಮಾಡಿದ್ದು ಅದೇ ಅಲ್ದಾ?" ಎಂದು ತಮ್ಮನಿಗೆ ಹೇಳಿ ಅಡುಗೆಮನೆಗೆ ಹೋದಳು. ಮರುದಿನ ಅಮಾವಾಸ್ಯೆ, ನಡುಹಗಲಿನ ಭರತ, ಅಂದರೆ ಕಡಲ ಉಬ್ಬರ. ತೆರೆಗಳು ಮನೆಯೆತ್ತರ ಎದ್ದು ಬರುತ್ತಿದ್ದವು. ಹೆಂಗಸರು ಗಂಟು ಹೊತ್ತು ನಿಂತಿದ್ದರು. ಅಂತಯ್ಯ ದೀಪ ಎತ್ತಲು ಗುಡಿಯ ಬಾಗಿಲಿಗೆ ಹೋಗಿದ್ದ. ಮುತ್ತಕ್ಕ ಕಂಚಿನ ಚೊಂಬಿನಲ್ಲಿ ನೀರು, ಬಾಳೆಲೆಯ ಮೇಲೆ ಬೆಲ್ಲ, ಎಲೆ‑ಅಡಿಕೆ ತಂದು ಮೇಲಿನ ಸಾಲಿನಲ್ಲಿಟ್ಟು, ಸೆರಗು ಸರಿಮಾಡಿಕೊಂಡು, ಹಿರಿಯರಿಗೆ ಹೇಳುವ ಹಾಗೆ ಹೇಳಿದಳು: "ಬನಿ. ಕೂಕಣಿ. ಆಸ್ರಿಗೆ ಕುಡೀನಿ."

ತೆರೆ ಬಂತು. ಗುದ್ದುವುದಕ್ಕೆ ಎದುರಿಗೆ ಏನೂ ಇಲ್ಲ. ಕೆಳಗಿನ ಸಾಲು ಹತ್ತಿತು, ಮುಗ್ಗರಿಸಿತು. ಮೇಲಿನದು ಹತ್ತಿತು, ಏದುಸಿರು ಬಿಟ್ಟಿತು. ಇನ್ನೊಂದು ಹತ್ತುವಷ್ಟರಲ್ಲಿ ಬಿಸಿಲಲ್ಲಿ ನಡೆದು ಬಂದ ಮುದುಕನ ಹಾಗೆ ಉಸ್ಸೆಂದು ಕೂತೇಬಿಟ್ಟಿತು. ನೊರೆಯ ಒಂದು ನಾಲಗೆ ಮಾತ್ರ ಮೇಲೆ ಬಂದು, ಬೆಲ್ಲವನ್ನು ನೆಕ್ಕಿ, ಎಲೆ‑ಅಡಿಕೆ ಎತ್ತಿಕೊಂಡು, ಮೆಲ್ಲಗೆ ಇಳಿದು ಹೋಯಿತು. ಹಿಂದೆ ಬಂದ ತೆರೆಗಳೂ ಹಾಗೆಯೇ ಕೂತು ಎದ್ದು ಹೋದವು. ನಾಚಿಕೆಯಿಂದ ಕಟ್ಟೆಯ ಮೂಲೆಯಲ್ಲಿ ಮುದುಡಿದ್ದ ಆಚಾರಿಯ ಪಾದಕ್ಕೆ ನೀರು ತಾಗಿದಾಗ ಅವನು ಹೌಹಾರಿ ಕಾಲೆತ್ತಿದ. ಕೇರಿಗೆ ಕೇರಿಯೇ ಗೊಳ್ಳೆಂದು ನಕ್ಕಿತು. ಗಂಟುಗಳು ತಲೆಯಿಂದ ಇಳಿದವು. ಗುಡಿಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅಂತಯ್ಯ ದೀಪವನ್ನು ಮೊದಲಿದ್ದಲ್ಲಿಯೇ ಇಟ್ಟು, "ಅಕ್ಕಾ, ಎಣ್ಣೆ ತಗೊಂಡು ಬಾ. ನಾವು ಎಲ್ಲಿಗೂ ಹೋಗುದಿಲ್ಲ" ಎಂದನಂತೆ. ಆ ಮಳೆಗಾಲ ಮುಗಿಯುವ ತನಕ ಆಚಾರಿಯನ್ನು ಊರವರು ಹೋಗಗೊಡಲಿಲ್ಲ. ಮೀನು ಮುಟ್ಟದ ಅವನಿಗೆ ದಿನಕ್ಕೊಂದು ಮನೆಯಿಂದ ಹಾಲು, ಬಾಳೆಹಣ್ಣು ಬರುತ್ತಿತ್ತು. ಬಚ್ಚ ಮಾತ್ರ, ಕಡಲಿಗೆ ಆಸ್ರಿಗೆ ಕೊಡಿಸಿದ್ದು ತಾನೇ ಎಂದು ಸಾಯುವ ತನಕ ಹೇಳಿಕೊಂಡ.

ಬಲ್ಲವರು ಈಗ ಬಂದು ಕಲ್ಲಿನ ಓರೆ, ನೀರಿನ ವೇಗ ಎಂದು ಏನೇನೋ ವಿವರಿಸುತ್ತಾರೆ. ಅದೂ ನಿಜವೇ ಇರಬೇಕು. ಅಮ್ಮನ ಗುಡಿಯ ಬಾಗಿಲು ಇಂದಿಗೂ ಕಡಲಿಗೆ ತೆರೆದಿದೆ. ಪಡುಗೋಳಿಗೆ ಹೋದವರು ಇನ್ನೊಂದನ್ನೂ ಕಾಣಬಹುದು. ಇಳಿತದ ಹೊತ್ತಿನಲ್ಲಿ ಕಟ್ಟೆಯ ಕೆಳಗಿನ ಸಾಲುಗಳೆಲ್ಲ ಒಣಗಿ ಖಾಲಿ ಬಿದ್ದಿರುತ್ತವೆ. ಮೇಲೆ ಜನ ಒತ್ತೊತ್ತಾಗಿ ಕುಳಿತಿದ್ದರೂ ಯಾರೂ ಕೆಳಗಿಳಿದು ಕೂರುವುದಿಲ್ಲ. ತಿಳಿಯದ ಪರಸ್ಥಳದವರು ಯಾರಾದರೂ ಇಳಿದು ಕುಳಿತರೆ, ಮೀನು ಹರಡುತ್ತಿರುವ ಹೆಂಗಸೊಬ್ಬಳು ತಲೆಯೆತ್ತಿ, "ಅಲ್ಲಿ ಬೇಡ, ಮೇಲೆ ಬನಿ. ಅದು ಅವರ ಜಾಗ" ಎನ್ನುತ್ತಾಳೆ. ಯಾರದ್ದು ಎಂದು ಕೇಳಿದರೆ ಪಡುವಣಕ್ಕೆ ಗದ್ದ ಎತ್ತಿ ತೋರಿಸಿ, ಹೊರಗೆ ಹೋದ ಮನೆಯವರು ಇನ್ನೇನು ಬರುತ್ತಾರೆ ಎನ್ನುವ ಹಾಗೆ ಹೇಳುತ್ತಾಳೆ: "ಈಗ ಬತ್ರ್, ಕಾಣಿ."